ಮಚ್ಚೆ ಬೆಳೆಯುತ್ತಿತ್ತು, ನೀವು ಫೈಲು ಮುಚ್ಚಿದಿರಿ

ಪುಣೆ ಆಸ್ಪತ್ರೆಯ ಬಾಯಿ ತಪಾಸಣಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಅವ್ವ ತಿಪ್ಪವ್ವನ ಫೈಲನ್ನು ನೀವು ಮುಚ್ಚಿದ್ದು ಮಾರ್ಚಿನಲ್ಲಿ. ಅವಳು ಸತ್ತಿದ್ದು ಮರುವರ್ಷದ ಆಗಸ್ಟಿನಲ್ಲಿ. ಈ ಪತ್ರ ನಡುವಿನ ಹದಿನೇಳು ತಿಂಗಳ ಬಗ್ಗೆ.

ನಾವು ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಸುಟ್ಟ ತಂಬಾಕಿನ ಪುಡಿ ಮಿಶ್ರಿಯಿಂದ ಹಲ್ಲು ತಿಕ್ಕದೆ ಅವ್ವನಿಗೆ ಬೆಳಗಾಗುತ್ತಿರಲಿಲ್ಲ. ನಿಮ್ಮವರೇ ಸೈಟಿಗೆ ಬಂದು ಶಿಬಿರ ಮಾಡಿ ಅವಳ ಕೆನ್ನೆಯೊಳಗಿನ ಬಿಳಿ ಮಚ್ಚೆ ಕಂಡುಹಿಡಿದರು. ಅದಕ್ಕೆ ಋಣಿ. ಚೂರು ತೆಗೆದು ಪರೀಕ್ಷಿಸಿ, ಇದು ಕ್ಯಾನ್ಸರ್ ಅಲ್ಲ, ಮುಂದೆ ಆಗಲೂಬಹುದು, ಮೂರು ತಿಂಗಳಿಗೊಮ್ಮೆ ತೋರಿಸುತ್ತಲೇ ಇರಬೇಕು ಎಂದರು. ಅವ್ವ ಮಿಶ್ರಿ ಬಿಟ್ಟಳು. ಎರಡು ವರ್ಷ ಒಂದು ಸಲವೂ ತಪ್ಪಿಸಲಿಲ್ಲ. "ನೋವಿಲ್ಲ, ಏನಿಲ್ಲ. ಆದ್ರೂ ಮ್ಯಾಡಮ್ಮಾರು ಹೇಳ್ಯಾರ, ಹೋಗಬೇಕ್ರಿ," ಎಂದು ಕೂಲಿಯವರ ಮೇಸ್ತ್ರಿ ಮುಕಾದಮನ ಹತ್ತಿರ ರಜೆ ಕೇಳುತ್ತಿದ್ದಳು.

ನಿಮ್ಮ ಕಾರ್ಡಿನಲ್ಲಿ ವಿಳಾಸ ಬರೆಯುವ ಜಾಗವಿದೆ. ನಮ್ಮವರು ಅಲ್ಲಿ ಏನು ಬರೆಸುತ್ತಾರೆ ಗೊತ್ತೇ? ಆಗ ಕಟ್ಟುತ್ತಿರುವ ಕಟ್ಟಡದ ಹೆಸರು. ಫೋನ್ ನಂಬರು ಮುಕಾದಮನದು. ಅವ್ವನೂ ಹಾಗೇ ಬರೆಸಿದಳು. ಕಟ್ಟಡ ಮುಗಿಯಿತು, ನಮ್ಮ ತಗಡಿನ ಶೆಡ್ಡು ಕಿತ್ತರು, ಬೇರೆ ಮುಕಾದಮನ ಜೊತೆ ದೌಂಡದ ಕಡೆ ಹೋದೆವು. ಆ ಗಡಿಬಿಡಿಯಲ್ಲಿ ಒಂದು ತಪಾಸಣೆ ತಪ್ಪಿತು. ತಪ್ಪು ನಮ್ಮದೇ, ಒಪ್ಪುತ್ತೇನೆ. ನೀವು ಕಳಿಸಿದ ಕಾಗದ ಹಳೇ ಕಟ್ಟಡಕ್ಕೇ ಹೋಯಿತು. ಹನ್ನೊಂದು ಮಹಡಿಗೆ ಇಟ್ಟಿಗೆ ಹೊತ್ತವಳ ಹೆಸರು ಅಲ್ಲಿನ ವಾಚ್‌ಮನ್‌ಗೆ ಗೊತ್ತಿರಲಿಲ್ಲ. ಕಾಗದ ವಾಪಸು ಬಂತು, ನೀವು 'ಪತ್ತೆಯಿಲ್ಲ' ಎಂದು ಬರೆದು ಕೈತೊಳೆದುಕೊಂಡಿರಿ. ಎಂಥ ಶಿಸ್ತು!

ಐದು ತಿಂಗಳ ನಂತರ ಮಚ್ಚೆ ಕೆಂಪಾಗಿ ಒರಟಾದಾಗ ಅವ್ವನನ್ನು ನಾನೇ ಕರೆತಂದೆ. ಕೌಂಟರಿನವರು ಕಾರ್ಡು ತಿರುವಿ ನೋಡಿ, ಫೈಲು ಬಂದ್ ಆಗಿದೆ, ಹೊಸ ರೋಗಿಗಳ ಸಾಲಿಗೆ ಹೋಗಿ ಎಂದರು. ಸಿಕ್ಕ ತಾರೀಖು ಎರಡು ತಿಂಗಳಾಚೆಯದು. "ನಾ ಹೊಸಾಕಿ ಅಲ್ರೀ, ಎರಡು ವರ್ಸ ಬಂದೀನಿ," ಎಂದಳು ಅವ್ವ. ಅವಳ ಕನ್ನಡ ಅವರಿಗೆ ತಿಳಿಯಲಿಲ್ಲ. ನನ್ನ ಮರಾಠಿ ತಿಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ತಾರೀಖು ಬರುವಷ್ಟರಲ್ಲಿ ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ಅರ್ಧ ದವಡೆ ತೆಗೆದಿರಿ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಿರಿ. ಕೊನೆಕೊನೆಗೆ ಅವಳಿಗೆ ಅಂಬಲಿಯೂ ಇಳಿಯುತ್ತಿರಲಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟಿದೆ. ಆ ದಿನ ಸುಮ್ಮನೆ ಹಿಂದಿರುಗಿದ ನನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟಿದೆ.

ಊರೂರು ಅಲೆಯುವವರನ್ನು ಎಲ್ಲಿ ಹುಡುಕುವುದು ಎಂದು ನಿಮ್ಮ ಕಚೇರಿ ಕೇಳುತ್ತದೆ. ತಂಬಾಕು ಮಾರುವವನು ನಮ್ಮ ಪ್ರತಿ ಹೊಸ ಸೈಟನ್ನೂ ವಾರದೊಳಗೆ ಹುಡುಕಿಕೊಂಡು ಬರುತ್ತಾನೆ. ಅವನ ಬಳಿ ಕಂಪ್ಯೂಟರೂ ಇಲ್ಲ, ಇಲಾಖೆಯ ಜೀಪೂ ಇಲ್ಲ.

ಅದೇ ಶಿಬಿರದಲ್ಲಿ ನನ್ನ ಚಿಗವ್ವ ಸಾಬವ್ವನ ನಾಲಿಗೆಯ ಬದಿಯಲ್ಲೂ ಮಚ್ಚೆ ಸಿಕ್ಕಿತ್ತು. ಅವಳದೂ ಅದೇ ವಿಳಾಸ, ಅವಳ ಫೈಲಿಗೂ ಅದೇ ಗತಿ. ಈಗ, "ಅಲ್ಲಿ ಹೋದ್ರ ದವಡಿ ತಗೀತಾರವಾ, ನಾ ಒಲ್ಲೆ," ಎನ್ನುತ್ತಾಳೆ. ನಿಮ್ಮ ಮೇಲಿನ ಅವಳ ನಂಬಿಕೆಯೂ ಅಕ್ಕನ ಜೊತೆಗೇ ಹೋಯಿತು. ಮುಚ್ಚಿದ ಅಂಥ ಫೈಲುಗಳನ್ನೆಲ್ಲ ತೆರೆಯಿರಿ, ಕೆಲಸ ಇರುವಲ್ಲಿಗೆ ಜನ ಕಳಿಸಿ, ತಡವಾಗಿ ಬಂದವರನ್ನು ಹೊಸಬರ ಸಾಲಿಗೆ ತಳ್ಳಬೇಡಿ. ಸಾಬವ್ವನನ್ನು ಹೇಗೋ ಒಪ್ಪಿಸಿ ಬರುವ ಸೋಮವಾರ ಕರೆತರುತ್ತೇನೆ. ಅಂದೇ ಅವಳ ಬಾಯಿ ನೋಡಿ. ನೋಡುವವರೆಗೂ ನಾನು ಕೌಂಟರು ಬಿಟ್ಟು ಕದಲುವುದಿಲ್ಲ.

ಇಂತಿ,
ತಿಪ್ಪವ್ವನ ಮಗಳು ಶಿವಕಾಂತಾ
ಕುರಕುಂಭ, ಸದ್ಯದ ಕಟ್ಟಡ ಮುಗಿಯುವವರೆಗೆ