ಬಾಲ ಬಿಟ್ಟುಹೋದ ನೋಟಿಸು

ತೃಶ್ಶಿಲೇರಿ
೧೨ ಮಾರ್ಚ್ ೧೯೭೦

ಪೂಜ್ಯ ನೇಮಿಚಂದ್ರಣ್ಣನ ಪಾದಗಳಿಗೆ ನಿನ್ನ ಏಕಮಾತ್ರ ತಮ್ಮ ವೃಷಭನ ಅಡ್ಡಬಿದ್ದ ನಮಸ್ಕಾರ.

ಕಾಗದ ತಡವಾಯಿತು, ಕ್ಷಮಿಸು. ಮೊದಲು ಬರೆದದ್ದು "ಕನ್ನಡ ಓದುವವರಿಲ್ಲ" ಎಂದು ಜೈಲಿನಿಂದ ವಾಪಸು ಬಂತು. ಈಗ ಕಾಸರಗೋಡಿನ ವಾರ್ಡರೊಬ್ಬರು ಬಂದಿದ್ದಾರಂತೆ, ಓದಿ ನೋಡಿ ಕೊಡುತ್ತಾರಂತೆ. ವಾರ್ಡರ್ ಸಾಹೇಬರಿಗೂ ನಮಸ್ಕಾರ.

ಮೆಣಸು ಕೊಯ್ದಾಯಿತು. ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತಾಗ ಅಮ್ಮ ಈಗಲೂ ನಿನ್ನ ತಟ್ಟೆ ತೊಳೆದಿಡುತ್ತಾಳೆ.

"ಅಲ್ಲಿ ಅವನಿಗೆ ಬೆಳಕಿರುವಾಗಲೇ ಊಟ ಹಾಕ್ತಾರೇನೋ?"

"ಹಾಕ್ತಾರಮ್ಮ. ಬೆಳ್ಳುಳ್ಳಿ ಬೇಡ ಅಂತ ಇನ್‌ಸ್ಪೆಕ್ಟರೇ ಬರ್ಕೊಂಡು ಹೋಗಿದ್ದಾರೆ."

ಅಮ್ಮ ನಗಲಿಲ್ಲ. ನನ್ನ ತಮಾಷೆಗೆ ಈ ಮನೆಯಲ್ಲಿ ನಗುತ್ತಿದ್ದವನು ನೀನೊಬ್ಬನೇ.

ಹಾಗಾಗಿ ಮುಸುವ ಕೋತಿಗಳ ಸಹವಾಸ ಮಾಡಿದ್ದೇನೆ. ಬೆಳಿಗ್ಗೆ ಹಿಂಡು ಅತ್ತಿಮರಕ್ಕೆ ಬರುತ್ತದೆ. ಇದ್ದಿಲಿನಂಥ ಮುಖ, ಸುತ್ತ ಬಿಳಿ ಗಡ್ಡ, ಮನೆಯ ಮಾಡಿನ ಹಾಗೆ ಮುಂದೆ ಚಾಚಿದ ಹುಬ್ಬು. ಮೈಗೆ ಬೂದು ಕೋಟು, ಕೈಕಾಲಿಗೆ ಕಪ್ಪು ಗವಸು. ಹೆಬ್ಬೆರಳು ಪತ್ರಕ್ಕೆ ಹೆಬ್ಬೆಟ್ಟು ಒತ್ತಲೂ ಸಾಲದಷ್ಟು ಗಿಡ್ಡ. ತಿನ್ನುವುದು ಬರೀ ಎಲೆ, ಹೊಟ್ಟೆ ಮಾತ್ರ ಇಲ್ಲಿನ ಜಮೀನ್ದಾರ ಜನ್ಮಿಯದು. ಹಿಂಡು ಹೋದ ಮೇಲೂ ಒಂದು ಗಂಡು ಬಾಲ ಇಳಿಬಿಟ್ಟು ಒಂಟಿಯಾಗಿ ಕೂತಿರುತ್ತದೆ. ನಾನು ಕೆಳಗೆ ಕೂತಿರುತ್ತೇನೆ.

ಆಗ ನಿನ್ನನ್ನು ಹಿಡಿಸಿದ ನೋಟಿಸು ನೆನಪಾಗುತ್ತದೆ. ಕುಂಞಿರಾಮನ್ ಚಹಾದಂಗಡಿಯ ಗೋಡೆಯಲ್ಲಿ ನಕ್ಸಲರನ್ನು ಹುಡುಕುವ ಪೊಲೀಸರ ನೋಟಿಸಿನ ಪಕ್ಕವೇ ಹಸಿರು ಶಾಯಿಯಲ್ಲಿ ಬರೆದು ಅಂಟಿಸಿದ್ದು: "ಬೇಕಾಗಿದ್ದಾರೆ. ಕಪ್ಪು ಮುಖ, ಬೂದು ಕೋಟು, ಕಪ್ಪು ಗವಸು. ಹತ್ತು ಹನ್ನೆರಡರ ಗುಂಪು, ಕಾಡಿನಲ್ಲಿ ವಾಸ. ಅಪಾಯ ಕಂಡರೆ ಕೂಗಿ ಎಚ್ಚರಿಸುತ್ತಾರೆ." ಕುಂಞಿರಾಮನ್ ಅದನ್ನು ಇನ್‌ಸ್ಪೆಕ್ಟರಿಗೆ ಓದಿ ಮುಗಿಸುವ ಮೊದಲೇ ನಮ್ಮ ಮೆಣಸು ಕೊಯ್ಯುವ ಕೆಂಪಿ ನಕ್ಕುಬಿಟ್ಟಳು: "ಅಯ್ಯೋ, ಇದು ನಮ್ ಮುಸುವ ಅಲ್ವಾ!" ಇನ್‌ಸ್ಪೆಕ್ಟರು "ಮಿಂಡಾದಿರಿ!" ಎಂದು ಅವಳ ಬಾಯಿ ಮುಚ್ಚಿಸಿದರು. ಅವರಿಗೆ ಅದು ನಕ್ಸಲರ ಗುಟ್ಟಿನ ಸಂದೇಶ. ಹಸಿರು ಶಾಯಿ ಇರುವುದು ನಮ್ಮ ಮನೆಯಲ್ಲಿ, ಕೂಲಿಯವರಿಗೆ ಸಂಜೆ ಅಕ್ಷರ ಕಲಿಸುವವನು ನೀನು. ನೇರ ಇಲ್ಲಿಗೇ ಬಂದರು. ನೀನು ಕಾಗದ ನೋಡಿ "ಬರೆದದ್ದು ನಾನೇ" ಎಂದೆ.

ಅಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಜಿನೇಶ್ವರ ನಿನ್ನನ್ನು ಕಾಯಲಿ.

ನಿನ್ನ
ವೃಷಭರಾಜ

ತಾ.ಕ.: ಕಾಗದ ನೋಡಿದ ಮೇಲೆ ನೀನು ಒಂದು ಸಲ ನನ್ನನ್ನು ನೋಡಿದೆ, ಅಣ್ಣ. ನನಗೆ ಅಕ್ಷರ ಕಲಿಸಿದವನು ನೀನೇ, ನನ್ನ ಕೈಬರಹ ನಿನಗೆ ಗೊತ್ತಾಗದೆ ಇರುತ್ತದೆಯೇ? ಮೆಣಸಿನ ರಾಶಿಯ ಹಿಂದೆ ನಿಂತಿದ್ದೆ, ಬಾಯಿ ಬಿಡಲಿಲ್ಲ. ಬಾಲವೊಂದನ್ನು ಬರೆದಿದ್ದರೆ ಪೊಲೀಸರೂ ನಗುತ್ತಿದ್ದರು. ತಮಾಷೆ ಬೇಗ ಬಯಲಾಗಬಾರದೆಂದು ಬಿಟ್ಟೆ. ವಾರ್ಡರ್ ಸಾಹೇಬರೇ, ಇದನ್ನು ಮೇಲಿನವರಿಗೆ ಮಲಯಾಳದಲ್ಲಿ ಓದಿ ಹೇಳಿ: ಆ ನೋಟಿಸು ಬರೆದವನು ವೃಷಭರಾಜ, ವಯಸ್ಸು ಹತ್ತೊಂಬತ್ತು, ಎಡ ಹುಬ್ಬಿನ ಮೇಲೆ ಗಾಯದ ಗುರುತು. ನಾಳೆ ಪೊಲೀಸ್ ಕ್ಯಾಂಪಿಗೆ ನಾನೇ ಹೋಗುತ್ತೇನೆ. ಅಮ್ಮನಿಗೆ ಹೇಳಿಲ್ಲ. ನೀನು ಬರುವ ತನಕ ಅವಳು ಎರಡು ತಟ್ಟೆ ತೊಳೆದಿಡಬೇಕು.