ಎಡ ಮೂಲೆಯ ಬಿಳಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಮೂರು ಕಾಗದಗಳೂ ತಲುಪಿವೆ. ಒಂದಕ್ಕೂ ಉತ್ತರ ಬರೆಯದ ನನ್ನ ಮೇಲೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ಊರಿಗೆಲ್ಲ ಕರಪತ್ರ ಬರೆಯುವವಳಿಗೆ ಒಡಹುಟ್ಟಿದವಳಿಗೆ ನಾಲ್ಕು ಸಾಲು ಬರೆಯಲು ಕೈ ಬರಲಿಲ್ಲ. ಪಾಪುವಿಗೆ ಹಲ್ಲು ಬಂತೆಂದು ಓದಿ ಅಪ್ಪ ಎರಡು ದಿನ ಅದನ್ನೇ ಹೇಳಿಕೊಂಡು ಓಡಾಡಿದರು. ನನ್ನ ಹತ್ತಿರ ಅಂಥ ಸುದ್ದಿಯಿಲ್ಲ. ನಮ್ಮ ಒಗೆಯುವವಳು ಹೋದಳು.

ಸಂಗ್ರಹಾಲಯದ ನಾಲ್ಕನೇ ಕೋಣೆಯ ಆ ಚಿತ್ರ ನೀನು ಮರೆತಿರಲಾರೆ. ಹಗ್ಗದ ಮೇಲೆ ಒದ್ದೆ ಹಾಸುಬಟ್ಟೆ, ಅದರ ಹಿಂದಿನಿಂದ ಬೆಳಕು, ಬೆನ್ನು ಹಾಕಿ ನಿಂತ ಹೆಂಗಸು. ಚಿಕ್ಕವಳಿದ್ದಾಗ ಅದನ್ನು ಎಷ್ಟು ಸಲ ನೋಟ್‌ಬುಕ್ಕಿಗೆ ಇಳಿಸಿದ್ದೆ ನೀನು! ಅಪ್ಪ ನಿವೃತ್ತರಾಗುವವರೆಗೆ ಮೂವತ್ತು ವರ್ಷ ಅದರ ಎದುರು ಸ್ಟೂಲ್ ಹಾಕಿಕೊಂಡು ಕಾವಲು ಕೂತರು. ನೂರೈವತ್ತು ವರ್ಷದ ಹಿಂದೆ ಮಂದಿಯ ಬಟ್ಟೆ ಒಗೆದು ಬದುಕಿದ, ಸಹಿ ಹಾಕಲೂ ಬಾರದ ಹೆಂಗಸೊಬ್ಬಳು ಬರೆದದ್ದು ಎಂದು ಕೆಳಗೆ ಫಲಕವಿತ್ತು. ಸೇತುವೆಯ ಬಳಿ ಮಾರುವ ಎಂಟು ಪುಟದ ಪುಸ್ತಿಕೆಗಳೇ ನನ್ನ ಕಾಲೇಜು. ದುಡಿಯುವ ಕೈಗೂ ಕಲೆ ಒಲಿಯುತ್ತದೆ ಎಂದು ಅವುಗಳಲ್ಲಿ ಓದಿದ ಮಾತಿಗೆಲ್ಲ ಕಣ್ಣೆದುರಿನ ಪುರಾವೆ ಆ ಚಿತ್ರ.

ಕಳೆದ ವರ್ಷ ವಿದ್ವಾಂಸರೊಬ್ಬರು ಬಂದು, ಇಂಥ ಬೆಳಕನ್ನು ಬಟ್ಟೆ ಒಗೆಯುವವಳು ಬರೆಯಲಾರಳು, ಇದು ಇತ್ತೀಚಿನ ನಕಲಿ ಎಂದು ಭಾಷಣ ಮಾಡಿದರು. ನನ್ನ ಮೈ ಉರಿದುಹೋಯಿತು. "ಬಣ್ಣಕ್ಕೆ ಮನೆತನ ಗೊತ್ತಿಲ್ಲ, ಪರೀಕ್ಷೆ ಮಾಡಿ" ಎಂದು ಕರಪತ್ರ ಹಂಚಿದೆ. ಲಾಂಡ್ರಿಗಳ ಇನ್ನೂರು ಹೆಂಗಸರಿಂದ ಅರ್ಜಿಗೆ ಸಹಿ ಹಾಕಿಸಿದೆ. ಅದರ ಕೊನೆಯ ಸಾಲು ನನ್ನದೇ: "ಒಂದು ಕಣ ಸಾಕು. ಅದು ಹೇಳಿದ್ದನ್ನು ನಾವು ತಲೆಬಾಗಿ ಒಪ್ಪುತ್ತೇವೆ." ಆ ಸಾಲಿನ ಸೊಗಸಿಗೆ ನಾನೇ ಮರುಳಾಗಿದ್ದೆ ಅಕ್ಕಾ.

ಸಂಗ್ರಹಾಲಯದ ಪ್ರಯೋಗಾಲಯದಲ್ಲಿ ಗಾಜು ತೊಳೆಯುತ್ತಿದ್ದ ನಾನು ಮಾದರಿ ತೆಗೆಯುವ ಕೆಲಸಕ್ಕೆ ಬಂದದ್ದು ನಿನಗೆ ಗೊತ್ತು. ಗಟ್ಟಿಯಾಗಿರುವ ಬಣ್ಣಕ್ಕೆ ನಾವು ಚಾಕು ತಾಗಿಸುವುದಿಲ್ಲ. ಮೊದಲೇ ಬಿರುಕು ಬಿಟ್ಟ ಕಡೆ, ಅದರ ಅಂಚಿನಿಂದ, ಉಪ್ಪಿನ ಹರಳಿಗಿಂತ ಸಣ್ಣ ಕಣ ತೆಗೆಯುತ್ತೇವೆ. ಅದಕ್ಕೂ ಮುಂಚೆ ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದು, ಯಾರಾದರೂ ಆಮೇಲೆ ತೇಪೆ ಹಚ್ಚಿದ್ದಾರೆಯೇ ಎಂದು ನೋಡಬೇಕು. ದೀಪ ರಿಪೇರಿಗೆ ಹೋಗಿತ್ತು.

"ಎರಡು ವಾರ ತಡ್ಕೊಳ್ಳೇ ಹುಡುಗಿ. ನೂರೈವತ್ತು ವರ್ಷ ಕಾದಿದೆ ಅದು," ಎಂದರು ನಮ್ಮ ಪ್ರಯೋಗಾಲಯದ ಮೇಡಂ.

"ಮುಂದಿನ ವಾರ ಲಾಂಡ್ರಿಯವರ ಸಭೆ ಇದೆ ಮೇಡಂ. ಅಷ್ಟರೊಳಗೆ ಬೇಕು."

"ನಿಮ್ಮ ಸಭೆ ನೋಡ್ಕೊಂಡು ಪರೀಕ್ಷೆ ಮಾಡೋಕಾಗುತ್ತಾ?"

"ನೀವೂ ಅವರ ಕಡೆನೇನಾ?" ಎಂದುಬಿಟ್ಟೆ. ಮೇಡಂ ಅನುಮತಿ ಕಾಗದ ಎಳೆದುಕೊಂಡು ಸಹಿ ಹಾಕಿದರು.

ಎಡಗಡೆ ಕೆಳಮೂಲೆಯಲ್ಲಿ, ಹಾಸುಬಟ್ಟೆಯ ಅಂಚಿನಲ್ಲಿ, ಕೂದಲೆಳೆಯಂಥ ಬಿರುಕಿತ್ತು. ಅಲ್ಲಿಂದಲೇ ತೆಗೆದೆ. ಅವಳ ಕಾಲದ ಬಿಳಿ ಎಂದರೆ ಸೀಸದ ಬಿಳಿ. ಯಂತ್ರ ತೋರಿಸಿದ್ದು ಟೈಟಾನಿಯಂ. ಆ ಬಿಳಿ ಬಳಕೆಗೆ ಬಂದು ನೂರು ವರ್ಷವಷ್ಟೇ. ಅಷ್ಟರಲ್ಲಿ ಅವಳು ಮಣ್ಣಾಗಿದ್ದಳು. ಮೂರು ಸಲ ಮಾಡಿ ನೋಡಿದೆ. ಮೂರು ಸಲವೂ ಅದೇ.

ಸಂಗ್ರಹಾಲಯದ ನಿರ್ದೇಶಕರು ನಮ್ಮ ಸಭೆಗೇ ಬಂದು ನನ್ನ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಒಬ್ಬ ಮುದುಕಿ ಮಾತ್ರ ನನ್ನ ಭುಜ ತಟ್ಟಿ, "ಹೋಗ್ಲಿ ಬಿಡಮ್ಮ, ನಮ್ಮಂಥೋರ ಕೈಲಿ ಅಷ್ಟು ಚೆಂದ ಎಲ್ಲಿ ಆಗುತ್ತೆ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ವಾರಗಟ್ಟಲೆ ಮನೆಯಲ್ಲಿ ಬಾಯಿ ಬಿಡಲಿಲ್ಲ. ಕೊನೆಗೆ ಹೇಳಿದಾಗ ಅಪ್ಪ ಕೇಳಿದ್ದು ಒಂದೇ. "ಯಾವ ಮೂಲೆ?"

"ಎಡಗಡೆ ಕೆಳಗೆ."

ಆಮೇಲೆ ಅವರು ಎಲ್ಲ ಹೇಳಿದರು. ಇಪ್ಪತ್ತು ವರ್ಷದ ಹಿಂದೆ, ಅಮ್ಮ ಆಸ್ಪತ್ರೆಯಲ್ಲಿದ್ದಾಗ, ನಮ್ಮಿಬ್ಬರನ್ನೂ ಕೆಲಸಕ್ಕೆ ಕರೆದೊಯ್ದಿದ್ದರಲ್ಲ. ಆ ದಿನ ಬೆರಳು ತೂರಿ ಚಿತ್ರ ತೂತಾಗಿತ್ತು. ಕೆಲಸ ಹೋಗುತ್ತದೆಂಬ ಹೆದರಿಕೆಯಲ್ಲಿ ಅಪ್ಪ ಹಿಂದಿನಿಂದ ತಮ್ಮ ಹಳೇ ಅಂಗಿಯ ತುಂಡು ಅಂಟಿಸಿ, ಅದರ ಮೇಲೆ ಹಲಗೆ ಹೊಡೆದು, ಮುಂದೆ ಕಿಟಕಿಗೆ ಬಳಿಯುವ ಬಿಳಿ ಬಣ್ಣ ಸವರಿದ್ದರು. ನಾನು ಕೆರೆದು ತೆಗೆದದ್ದು ಆ ಬಣ್ಣವನ್ನು.

ಮರುದಿನ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ನಿರ್ದೇಶಕರ ಮುಂದೆ ನಿಂತರು. "ಮಗಳ ಮಾನ ಉಳಿಸೋಕೆ ಕಥೆ ಕಟ್ಕೊಂಡು ಬಂದ್ರಾ?" ಎಂದು ಅವರು ನಕ್ಕರು. "ಹಿಂದೆ ತಿರುಗಿಸಿ ನೋಡಿ ಸಾರ್, ನನ್ನ ಅಂಗಿ ಇದೆ," ಎಂದರು ಅಪ್ಪ.

ನಂಬಿ ಓಡಿದ್ದು ಮೇಡಂ ಒಬ್ಬರೇ. ನಕಲಿ ಎಂದಾದ ಮೇಲೆ ಅದನ್ನು ಹೊಸದಾಗಿ ಕೆಲಸ ಕಲಿಯುವವರಿಗೆ ಕೊಟ್ಟಿದ್ದರು, ಬಣ್ಣ ಕರಗಿಸುವ ದ್ರಾವಕದಲ್ಲಿ ಒರೆಸುವ ಅಭ್ಯಾಸಕ್ಕೆ. ತಿಂಗಳಿಂದ ಹತ್ತಿಯಲ್ಲಿ ಒರೆಸಿ ಒರೆಸಿ ಹೆಂಗಸು ಹೋಗಿದ್ದಳು, ಹಾಸುಬಟ್ಟೆ ಹೋಗಿತ್ತು, ಬೆಳಕು ಹೋಗಿತ್ತು. ಹಿಂಬದಿಯಲ್ಲಿ ಅಪ್ಪನ ನೀಲಿ ಗೆರೆಯ ಅಂಗಿ ಮಾತ್ರ ಗಟ್ಟಿಯಾಗಿ ಅಂಟಿಕೊಂಡಿತ್ತು. ಚೌಕಟ್ಟಿನ ಅಂಚಿನಡಿ ಉಳಿದಿದ್ದ ಬಣ್ಣವನ್ನು ಮೇಡಂ ಪರೀಕ್ಷಿಸಿದರು. ಸೀಸದ ಬಿಳಿ. ಅವಳ ಕಾಲದ್ದೇ.

ವರದಿ ತಿದ್ದುತ್ತಾರಂತೆ. ತಿದ್ದಿದ ವರದಿಯನ್ನು ಯಾವ ಗೋಡೆಗೆ ನೇತುಹಾಕಲಿ?

ಪುಸ್ತಿಕೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಎಸೆದೆ. ಅವು ಸುಳ್ಳೆಂದಲ್ಲ, ಅವುಗಳ ಮುಖ ನೋಡಲು ನನಗೆ ಆಗುತ್ತಿಲ್ಲ. ಅಪ್ಪ ಊಟದ ಮುಂದೆ ಕೂತು ಉಣ್ಣುವುದನ್ನೇ ಮರೆತುಬಿಡುತ್ತಾರೆ. ನಿನ್ನೆ ಹೇಳಿದರು, "ದೊಡ್ಡವಳಿಗೆ ಬರಿ. ಅವಳ ಬೆರಳಿನ ತಪ್ಪಲ್ಲ, ನನ್ನದು. ಮನಸ್ಸಿಗೆ ಹಚ್ಕೋಬೇಡ ಅಂತ ಬರಿ."

ಪಾಪು ನೂರು ವರ್ಷ ನಗುನಗುತ್ತಾ ಬಾಳಲಿ. ಅವಳು ಗೋಡೆಗೆ ಗೀಚಿದರೆ ಗದರಬೇಡ. ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಂಗಿ,
ಕಿಡಿ

ತಾ.ಕ.: ಅಪ್ಪ ಹೇಳಿದ್ದನ್ನು ಬರೆದೆ. ನಾನು ಹೇಳಬೇಕಾದದ್ದು ಉಳಿಯಿತು. ತೂರಿದ್ದು ನನ್ನ ಬೆರಳು. ಹಾಸುಬಟ್ಟೆ ನಿಜವಾಗಿ ಒದ್ದೆಯಿದೆಯೇ ಎಂದು ಮುಟ್ಟಿ ನೋಡಿದ್ದೆ. ಮುಂದಿನ ಸಲ ಹೋದಾಗ ತೂತೇ ಇರಲಿಲ್ಲ. ನಾನು ಮಾಡಿಯೇ ಇಲ್ಲ ಎಂದು ನನ್ನನ್ನೇ ನಂಬಿಸಿಕೊಂಡೆ, ಇಪ್ಪತ್ತು ವರ್ಷ ನಂಬಿದೆ. "ಯಾರದು ಈ ಕೆಲಸ?" ಎಂದು ಅಪ್ಪ ಅಡಿಕೋಲು ಎತ್ತಿದಾಗ ನೀನು ಒಮ್ಮೆ ನನ್ನ ಕಡೆ ನೋಡಿ ಅಂಗೈ ಚಾಚಿದೆ. ಆಮೇಲೆ ನೀನು ಬಣ್ಣದ ಪೆಟ್ಟಿಗೆ ಮುಟ್ಟಲಿಲ್ಲ. ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಎಡಗೈ ಚಾಚಿದ್ದರೂ ಅಪ್ಪ ಹೊಡೆಯುತ್ತಿದ್ದರು ಅಕ್ಕಾ. ನೀನು ಚಾಚಿದ್ದು ಚಿತ್ರ ಬರೆಯುವ ಕೈ.