ಅಣ್ಣನ ಎಡೆಗಿಲ್ಲದ ಅವರೆ

ಹನುಮಂತನಗರ, ಬೆಂಗಳೂರು
೬ ಜನವರಿ ೨೦೨೫, ಸೋಮವಾರ ಮಧ್ಯಾಹ್ನ

ಪ್ರೇಮಲತಾ ಅತ್ತಿಗೆಯವರಿಗೆ ನಿಮ್ಮ ಮೈದುನ ಶಿವಶಂಕರನ ನಮಸ್ಕಾರಗಳು.

ಹೇಗಿದ್ದೀರಿ ಅತ್ತಿಗೆ? ಮಾಲೂರಿನ ಕಡೆ ಈ ಸಲ ಚಳಿ ಜೋರಂತೆ. ಮಂಡಿನೋವು ಈಗ ಹೇಗಿದೆ? ಅಭಿರಾಮನಿಗೆ ಬೈಕು ನಿಧಾನವಾಗಿ ಓಡಿಸಲು ಹೇಳಿ. ಚಿಕ್ಕಪ್ಪ ಹೇಳಿದ ಅಂದರೆ ಕೇಳುವುದಿಲ್ಲ, ಅಮ್ಮನ ಮಾತು ಅಂತಲೇ ಹೇಳಿ. ಫೋನ್ ಇರುವಾಗ ಇವನಿಗೇಕೆ ಕಾಗದ ಬರೆಯುವ ಹುಚ್ಚು ಅಂದುಕೊಳ್ಳಬೇಡಿ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ಬಾಯಿ ಹವಾಮಾನ, ಟೊಮೇಟೊ ಅಂತ ಏನೇನೋ ಹರಟಿ ಫೋನ್ ಇಟ್ಟುಬಿಡುತ್ತದೆ.

ನಾಳೆ ನನಗೆ ಪರೀಕ್ಷೆ. ಲಾವಣ್ಯಾಳ ಬ್ಯಾಂಕಿನವರು ನೌಕರರ ತಂದೆ ತಾಯಿಗೂ ದೇಹ ತಪಾಸಣೆ ಮಾಡಿಸುತ್ತಾರಂತೆ. ಅದರ ಹೆಸರು ‘ಎಕ್ಸಿಕ್ಯೂಟಿವ್ ಹೆಲ್ತ್ ಚೆಕಪ್’. “ಬದನೆಕಾಯಿ ತೂಗೋನಿಗೆ ಯಾವ ಎಕ್ಸಿಕ್ಯೂಟಿವ್ ಚೆಕಪ್ಪಮ್ಮಾ” ಅಂದೆ. “ಐವತ್ತೊಂದಾಯ್ತು ನಿಂಗೆ, ಸುಮ್ನೆ ಬಾಪ್ಪಾ” ಅಂದಳು ಮಗಳು. ಅಣ್ಣ ತೀರಿಕೊಂಡಾಗ ಅವನಿಗೆ ಐವತ್ತು. ಈಗ ಮುನಿಕೃಷ್ಣನಿಗಿಂತ ಅವನ ತಮ್ಮನೇ ದೊಡ್ಡವನು. ಇದು ನನಗೆ ಸ್ವಲ್ಪವೂ ಸರಿ ಅನ್ನಿಸುತ್ತಿಲ್ಲ ಅತ್ತಿಗೆ.

ತಯಾರಿ ಮಾತ್ರ ಮದುವೆ ಮನೆಯ ಹಾಗೆ ನಡೆದಿದೆ. ಇವತ್ತು ರಾತ್ರಿ ಎಂಟು ಗಂಟೆಗೆ ಊಟ ಮುಗಿಸಬೇಕು, ಆಮೇಲೆ ಹನ್ನೆರಡು ಗಂಟೆ ಬರೀ ನೀರು. ಬೆಳಗಿನ ಕಾಫಿಯೂ ಇಲ್ಲ. ಎರಡು ಪುಟ್ಟ ಡಬ್ಬಿ ಕೊಟ್ಟಿದ್ದಾರೆ, ಯಾವುದಕ್ಕೆ ಅಂತ ನಿಮಗೆ ಬರೆಯಲು ಸಂಕೋಚ. ನಿಮ್ಮ ವಾರಗಿತ್ತಿ ಪ್ರತಿಭಾ ಅವನ್ನು ಮನೆಯೊಳಗೇ ಸೇರಿಸಲಿಲ್ಲ, ಮೆಟ್ಟಿಲ ಕೆಳಗೆ ಇಡಿಸಿದ್ದಾಳೆ. ಟ್ರೆಡ್‌ಮಿಲ್ ಮೇಲೆ ನಡೆಸಿ ಎದೆ ನೋಡುತ್ತಾರಂತೆ, ಅದಕ್ಕೆ ಬೂಟು ಬೇಕು. ಮೂವತ್ತು ವರ್ಷ ಹವಾಯಿ ಚಪ್ಪಲಿಯಲ್ಲೇ ಗಾಂಧಿಬಜಾರ್ ಸುತ್ತಿದವನು ಬೆಳಗಿನಿಂದ ಬೂಟು ಹಾಕಿಕೊಂಡು ವರಾಂಡದಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ನೀವಿದ್ದಿದ್ದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಿರಿ.

ನಿನ್ನೆ ಸಂಜೆ ಲಾವಣ್ಯಾ ಆಸ್ಪತ್ರೆಯ ಫಾರಂ ಹಿಡಿದು ಕೂತಳು. ಬೀಡಿ, ಸಕ್ಕರೆ, ಬಿಪಿ, ನಿದ್ದೆ, ಎಲ್ಲಕ್ಕೂ ಉತ್ತರ ಕೊಟ್ಟೆ. ಮನೆಯಲ್ಲಿ ಯಾರಾದರೂ ಹೃದಯಾಘಾತದಿಂದ ತೀರಿಕೊಂಡಿದ್ದಾರೆಯೇ ಎಂಬಲ್ಲಿಗೆ ಬಂದಾಗ ‘ದೊಡ್ಡಪ್ಪ’ ಎಂದು ಅವಳೇ ಬರೆದುಕೊಂಡಳು. ಆಮೇಲೆ ಕೇಳಿದಳು, “ಮುಂಚೆ ಏನಾದ್ರೂ ಕಾಣಿಸ್ಕೊಂಡಿತ್ತಾ ಅಪ್ಪಾ? ಎದೆನೋವು, ಬೆವರು?” ನಾನು “ಏನೂ ಇರ್ಲಿಲ್ಲ” ಅಂದೆ. ಅವಳು ಹಾಗೇ ಬರೆದಳು. ಒಂಬತ್ತು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದ ಮಾತೇ ಅದು. ಆದರೆ ಮಗಳ ಅಕ್ಷರದಲ್ಲಿ ಅದನ್ನು ನೋಡಿದಾಗಿನಿಂದ ಊಟ ಸೇರುತ್ತಿಲ್ಲ. ಆಸ್ಪತ್ರೆಯವರು ಹೇಳಿದ ಉಪವಾಸ ನನಗೆ ಒಂದು ದಿನ ಮುಂಚೆಯೇ ಶುರುವಾಗಿದೆ.

ಈಗ ಅವರೆಕಾಯಿ ಕಾಲ. ವಿಶ್ವೇಶ್ವರಪುರಂ ಕಡೆ ಹೋದರೆ ಮೂಗಿಗೆ ಬೇರೆ ವಾಸನೆಯೇ ಇಲ್ಲ. ನಮ್ಮ ತರಕಾರಿ ಅಂಗಡಿಯ ಮುಂದೆ ಸೊಗಡಿನ ಕಾಯಿ ರಾಶಿ ಬಿದ್ದಾಗಲೆಲ್ಲ ಅಣ್ಣ ಕಣ್ಣ ಮುಂದೆ ಬರುತ್ತಾನೆ. ನೀವು ಅವರೆಯ ಹಿದುಕಿದ ಬೇಳೆ ಸಾರು ಮಾಡಿದ ದಿನ ಅವನಿಗೆ ಎಷ್ಟು ಮುದ್ದೆ ಇಳಿದರೂ ಸಾಲದು. ಅವನು ಹೋದ ದಿನ ಸೋದರತ್ತೆ ಪಿಳ್ಳಮ್ಮ ಎಲ್ಲರೆದುರಿಗೆ ನಿಮಗೆ ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ: “ರಾತ್ರಿ ಅಷ್ಟೊಂದು ಬೇಳೆ ಸಾರು ಇಕ್ಕಿದ್ಯಲ್ಲೇ, ಗ್ಯಾಸು ಎದೆಗೆ ಹೊಡೀತು.” ನೀವು ವರ್ಷ ತುಂಬುವುದರೊಳಗೆ ಮಗನನ್ನು ಕರೆದುಕೊಂಡು ತವರಿಗೆ ಹೋದಿರಿ. ಅಂದಿನಿಂದ ನಿಮ್ಮ ಒಲೆಯ ಮೇಲೆ ಅವರೆ ಬೆಂದಿಲ್ಲ. ತಿಥಿಯ ದಿನ ಹೋದವರಿಗೆ ಇಷ್ಟವಾದದ್ದನ್ನೇ ಹುಡುಕಿ ಎಡೆ ಇಡುತ್ತೇವೆ. ಅಣ್ಣನಿಗೂ ವಡೆ, ಪಾಯಸ, ಕೊನೆಗೆ ಅವನ ಬೀಡಿ ಕಟ್ಟನ್ನೂ ಇಡುತ್ತೀರಿ. ಎಂಟು ತಿಥಿ ಕಳೆದರೂ ಅವನಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಆ ಸಾರು ಮಾತ್ರ ಎಲೆಗೆ ಬಂದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ತಿಥಿಗೆ ನಾವು ಮೂವರೂ ಬರುತ್ತೇವೆ. ರಿಪೋರ್ಟಿನಲ್ಲಿ ಏನೇ ಬರಲಿ, ನಾನಂತೂ ಬರುತ್ತೇನೆ. ಪ್ರತಿಭಾ ನಿಮಗೆ ನಮಸ್ಕಾರ ಹೇಳಿದ್ದಾಳೆ. ಅಭಿರಾಮನಿಗೆ ನನ್ನ ಆಶೀರ್ವಾದ. ಚಳಿಯಲ್ಲಿ ತಣ್ಣೀರು ಮುಟ್ಟಬೇಡಿ.

ನಿಮ್ಮ ಮೈದುನ,
ಶಿವಶಂಕರ

ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅತ್ತಿಗೆ, ಸಾರಿನಿಂದ ಆದದ್ದಲ್ಲ. ಅಂದು ಬೆಳಿಗ್ಗೆ ಏಳಕ್ಕೇ ಅಂಗಡಿಯಲ್ಲಿ ಅಣ್ಣನಿಗೆ ಎದೆ ಹಿಡಿದಿತ್ತು. ಈರುಳ್ಳಿ ಮೂಟೆಯ ಮೇಲೆ ಕೂತು ಎಡಗೈ ಉಜ್ಜಿಕೊಳ್ಳುತ್ತಿದ್ದ, ಅಂಗಿ ಪೂರ್ತಿ ಒದ್ದೆ. “ಶಂಕ್ರ, ಡಾಕ್ಟ್ರ ಹತ್ರ ಹೋಗೋಣ್ವೇನೋ” ಅಂತ ಕೇಳಿದ. ಬಾಯಿಬಿಟ್ಟು ಕೇಳಿದ ಅತ್ತಿಗೆ. ಲಾರಿ ಬಂದು ನಿಂತಿತ್ತು. “ಬರೀ ಗ್ಯಾಸು ಕಣಣ್ಣ” ಅಂತ ಹೇಳಿ ನಿಂಬೆಹಣ್ಣು, ಉಪ್ಪು ಹಾಕಿದ ಸೋಡಾ ಕುಡಿಸಿದೆ. ತೇಗಿದ. “ಈಗ ಪರ್ವಾಗಿಲ್ಲ, ನೀನು ಲೋಡ್ ಇಳಿಸ್ಕೋ, ಅವಳಿಗೆ ಹೇಳ್ಬೇಡ” ಅಂದು ಒಬ್ಬನೇ ಮನೆಗೆ ನಡೆದ. ಹತ್ತು ಗಂಟೆಗೆ ನೀವು ಎಬ್ಬಿಸಲು ಹೋದಿರಿ. ಅತ್ತೆ ನಿಮ್ಮನ್ನು ಅಂದಾಗ ನಾನು ಬಾಗಿಲ ಬಳಿಯೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಈಗಷ್ಟೇ ಫಾರಂನಲ್ಲಿ ಲಾವಣ್ಯಾ ಬರೆದದ್ದನ್ನು ಹೊಡೆದು ಹಾಕಿ ನಿಜವನ್ನು ನನ್ನ ಕೈಯಾರೆ ಬರೆದೆ. ಅಭಿರಾಮನನ್ನು ಬೇಗ ಹೃದಯದ ಡಾಕ್ಟರಿಗೆ ತೋರಿಸಿ. ಅಪ್ಪನಿಗೆ ಏನೂ ಕಾಣಿಸಿರಲಿಲ್ಲ ಅನ್ನಬೇಡಿ, ಕಾಣಿಸಿತ್ತು, ಚಿಕ್ಕಪ್ಪ ನೋಡಿದ್ದ ಅಂತ ಹೇಳಿ. ನನ್ನನ್ನು ತಿಥಿಗೆ ಕರೆಯುವುದು ಬಿಡುವುದು ನಿಮಗೆ ಬಿಟ್ಟದ್ದು. ಎಡೆಗೆ ಮಾತ್ರ ಈ ಸಲ ಬೇಳೆ ಸಾರು ಮಾಡಿ. ನಾನು ಬಾರದಿದ್ದರೂ ಕಾಯಿ ಕಳಿಸುತ್ತೇನೆ.